ಸೆರೆಮನೆಗಳ ಯಾತ್ರಿಕ ಜಾನ್ ಹೋವರ್ಡ್

1773ನೆಯ ಇಸವಿ. ಇಂಗ್ಲೆಂಡಿನ ಬೆಡ್‌ಫರ್ಡ್ ಪಟ್ಟಣದ ನ್ಯಾಯಾಲಯದಲ್ಲಿ ವಿಚಾರಣೆಗಳು ನಡೆದಿದ್ದವು. ಕೆಲವರಿಗೆ ಶಿಕ್ಷೆಯಾಯಿತು. ಕೆಲವರು ನಿರಪರಾಧಿಗಳೆಂದು ತೀರ್ಪಾಯಿತು. ಇನ್ನು ಕೆಲವರ ವಿಷಯದಲ್ಲಿ ದೂರು ಕೊಟ್ಟವರೇ ಮುಂದೆ ಬರಲಿಲ್ಲವಾಗಿ ಆಪಾದನೆ ತಾನಾಗಿ ಬಿದ್ದುಹೋಯಿತು. ಬಿಡುಗಡೆ ಹೊಂದಿದವರು ಮನೆಯ ಹಾದಿ ಹಿಡಿಯಬೇಕಾಗಿತ್ತು. ಆದರೆ ಕಾವಲುಗಾರರು ಅವರಲ್ಲಿ ಹಲವರನ್ನು ಮತ್ತೆ ಸೆರೆಮನೆಗೇ ಎಳೆದುಕೊಂಡು ಹೋದರು. ನ್ಯಾಯಾಲಯದಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದ ಹೊಸ ಷೆರಿಫನಿಗೆ ಆಶ್ಚರ್ಯವಾಯಿತು. ವಿಚಾರಿಸಿದಾಗ ಕಾರಣ ತಿಳಿದುಬಂದಿತು. ಅವರು ಸೆರೆಮನೆಯಲ್ಲಿ ಇದ್ದುದಕ್ಕಾಗಿ ಜೈಲರನಿಗೆ 15 ಷಿಲಿಂಗ್ 4 ಪೆನ್ಸ್, ಬೀಗದ ಕೈ ಹಿಡಿದ ಸೇವಕನಿಗೆ 2 ಷಿಲಿಂಗ್ ಶುಲ್ಕ ಕೊಡಬೇಕಾಗಿತ್ತು. ಹೊಲದ ಕೂಲಿಯಾಳಿನ ಎರಡು ವಾರಗಳ ದುಡಿಮೆಗೂ ಮೀರಿದ ಹಣ ಅದು. ತಿಂಗಳುಗಟ್ಟಲೆ ಬಂಧನದಲ್ಲಿದ್ದು ಕೆಲಸ ಕಳೆದುಕೊಂಡವನು ಅದನ್ನು ಎಲ್ಲಿಂದ ತರಬೇಕು? ತರಲಾರದವನು ನಿರಪರಾಧಿಯಾಗಿಯೂ ಒಳಗೇ ಕೊಳೆಯಬೇಕಾಗಿತ್ತು.

ಆ ಷೆರಿಫನ ಹೆಸರು ಜಾನ್ ಹೋವರ್ಡ್. ಆಗ ಅವನ ವಯಸ್ಸು 47. ಸೆರೆಯಲ್ಲಿದ್ದವನ ಅನ್ನಬಟ್ಟೆಯ ವೆಚ್ಚವನ್ನು ಭರಿಸಬೇಕಾದವರು ಯಾರು, ಅದನ್ನು ಅವನಿಂದಲೇ ತೆಗೆಯಬೇಕೆಂದರೆ ಹೇಗೆ ತೆಗೆಯಬೇಕು ಎಂಬ ಪ್ರಶ್ನೆ ಅಂದು ಅವನ ಮನಸ್ಸನ್ನು ಹೊಕ್ಕಿತು. ಮುಂದಿನ 17 ವರ್ಷಗಳ ಕಾಲ, ಸಾಯುವವರೆಗೂ, ಅದು ಅವನನ್ನು ಬಿಡಲಿಲ್ಲ.

ಹೋವರ್ಡನು 1726ರಲ್ಲಿ ಲಂಡನ್ನಿನ ಸಮೀಪದಲ್ಲಿ ಜನಿಸಿದನು. ತಂದೆ ಅನುಕೂಲಸ್ಥನಾದ ವರ್ತಕ. ತಾಯಿ ಎಳವೆಯಲ್ಲಿಯೇ ತೀರಿಕೊಂಡಳು. ಬಾಲಕನಿಗೆ ಓದು ಅಷ್ಟಾಗಿ ಹತ್ತಲಿಲ್ಲ. ಸಗಟು ದಿನಸಿ ವ್ಯಾಪಾರಿಯೊಬ್ಬನ ಬಳಿ ಕೆಲಸ ಕಲಿಯಲು ಸೇರಿದನು. 1742ರಲ್ಲಿ ತಂದೆ ಮಡಿದಾಗ ಕೈಗೆ ಬಂದ ಆಸ್ತಿಯಿಂದ ದುಡಿಯುವ ಅಗತ್ಯವೇ ಇಲ್ಲವಾಯಿತು. ವ್ಯಾಪಾರವನ್ನು ಬಿಟ್ಟು ಯೂರೋಪನ್ನು ಸುತ್ತಿ ಬಂದನು. ಒಮ್ಮೆ ಕಾಯಿಲೆ ಬಿದ್ದಾಗ ತನ್ನನ್ನು ಶುಶ್ರೂಷೆ ಮಾಡಿ ಉಳಿಸಿದ ಮನೆಯೊಡತಿಯನ್ನು, ತನಗಿಂತ ಎಷ್ಟೋ ಹಿರಿಯಳಾಗಿದ್ದ ವಿಧವೆಯನ್ನು, ಕೃತಜ್ಞತೆಯಿಂದ ಮದುವೆಯಾದನು. ಕೆಲವೇ ವರ್ಷಗಳಲ್ಲಿ ಆಕೆಯೂ ತೀರಿಕೊಂಡಳು.

1755ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ ನಗರವು ಭೂಕಂಪದಿಂದ ನೆಲಸಮವಾಯಿತು. ಮರುವರ್ಷ ಹೋವರ್ಡನು ಅಲ್ಲಿಗೆ ಹಡಗನ್ನೇರಿದನು. ಇಂಗ್ಲೆಂಡಿಗೂ ಫ್ರಾನ್ಸಿಗೂ ವೈರ ಬೆಳೆದಿದ್ದ ಕಾಲ. ಫ್ರೆಂಚರು ದಾರಿಯಲ್ಲೇ ಆ ಹಡಗನ್ನು ಹಿಡಿದು ಅದರಲ್ಲಿದ್ದವರನ್ನೆಲ್ಲ ಬ್ರೆಸ್ಟ್ ಬಂದರಿನ ಕೋಟೆಯ ನೆಲಮಾಳಿಗೆಗೆ ನೂಕಿದರು. ಅದಕ್ಕೆ ಮುಂಚೆ ಹಡಗಿನಲ್ಲಿ ನಲವತ್ತು ಗಂಟೆಗಳ ಕಾಲ ಅವರಿಗೆ ಗುಟುಕು ನೀರಾಗಲಿ ತುತ್ತು ಅನ್ನವಾಗಲಿ ದೊರೆತಿರಲಿಲ್ಲ. ಕೋಟೆಯಲ್ಲಿ ಹುಲ್ಲಿನ ಮೇಲೆ ಮಲಗಿದರು. ಬಹಳ ಹೊತ್ತಿನ ಮೇಲೆ ಕಾವಲುಗಾರರು ಮಾಂಸದ ಒಂದು ತುಂಡನ್ನು ಒಳಗೆಸೆದರು. ಕತ್ತರಿಸಲು ಚಾಕುವಿರಲಿಲ್ಲ. ಹಸಿದವರು ಅದನ್ನು ಕಿತ್ತು, ಕಚ್ಚಿ ತಿಂದರು. ಹಣವಂತನ ಮಗನಾದ ಹೋವರ್ಡನೂ ಹಾಗೆಯೇ ತಿಂದನು. ಮುಂದೆ ಬಂದಿಗಳ ವಿನಿಮಯದಲ್ಲಿ ಬಿಡುಗಡೆ ಹೊಂದಿ ಊರಿಗೆ ಬಂದವನು ಮೊದಲು ಮಾಡಿದ ಕೆಲಸವೆಂದರೆ ಹಿಂದೆ ಉಳಿದ ತನ್ನ ಜೊತೆಗಾರರ ಪರವಾಗಿ ಅಧಿಕಾರಿಗಳಿಗೆ ಮೊರೆಯಿಟ್ಟುದು.

ಆಮೇಲೆ ಬೆಡ್‌ಫರ್ಡಿನ ಸಮೀಪದ ಕಾರ್ಡಿಂಗ್‌ಟನ್ ಎಂಬ ಹಳ್ಳಿಯಲ್ಲಿ ನೆಲೆಸಿದನು. ಒಕ್ಕಲುಗಳಿಗೆ ಒಳ್ಳೆಯ ಮನೆಗಳನ್ನು ಕಟ್ಟಿಸಿದನು, ಮಕ್ಕಳಿಗೆ ಓದುಬರಹ ಕಲಿಸುವ ಏರ್ಪಾಡು ಮಾಡಿದನು. 1758ರಲ್ಲಿ ಎರಡನೆಯ ಮದುವೆಯಾಯಿತು. 1765ರಲ್ಲಿ ಹೆಂಡತಿ ಗಂಡುಮಗುವೊಂದನ್ನು ಹೆತ್ತು ಕೆಲವೇ ದಿನಗಳಲ್ಲಿ ಕಣ್ಮುಚ್ಚಿದಳು. ಎಂಟು ವರ್ಷಗಳ ಅನಂತರ ಅವನು ಷೆರಿಫನಾಗಿ ನೇಮಕವಾದನು. ಆ ಕಾಲದಲ್ಲಿ ಷೆರಿಫನೆಂದರೆ ಮೆರವಣಿಗೆಗೆ, ಔತಣಕ್ಕೆ ಮೀಸಲಾದ ಹುದ್ದೆ. ಸೆರೆಮನೆ ಅವನ ಅಧೀನದಲ್ಲಿದ್ದರೂ ಒಳಗೆ ಕಾಲಿಟ್ಟು ನೋಡಿದ ಷೆರಿಫರು ವಿರಳ. ಹೋವರ್ಡನು ಕಾಲಿಟ್ಟನು.

ಬೆಡ್‌ಫರ್ಡಿನ ಆ ಸೆರೆಮನೆಗೆ ಬೇರೊಂದು ಕಾರಣದಿಂದಲೂ ಹೆಸರಿದೆ. ನೂರು ವರ್ಷಗಳ ಹಿಂದೆ, 1660ರಿಂದ 1672ರವರೆಗೆ, ಪ್ರಸಿದ್ಧ ಲೇಖಕ ಜಾನ್ ಬನ್ಯನ್ ಅಲ್ಲಿ ಸೆರೆಯಲ್ಲಿದ್ದನು. ಲೇಸುಗಳ ತುದಿಗೆ ಲೋಹದ ತಗಡು ಕೂಡಿಸುವ ಕೆಲಸವನ್ನು ಅವನು ಒಳಗೇ ಕುಳಿತು ಮಾಡುತ್ತಿದ್ದನು. ಆ ಸಂಪಾದನೆಯಿಂದ ಹೊರಗಿದ್ದ ಹೆಂಡತಿಮಕ್ಕಳು ಜೀವಿಸಬೇಕಾಗಿತ್ತು. ಎಲ್ಲ ಬಂದಿಗಳಿಗೂ ಅಂಥ ಕೈಕೆಲಸವಾಗಲಿ, ಅದಕ್ಕೆ ಬೇಕಾದ ಸಾಮಗ್ರಿಯಾಗಲಿ ಇರುತ್ತಿರಲಿಲ್ಲ.

ಜೈಲರನಿಗೆ ಸಂಬಳವೇ ಇಲ್ಲದಿದ್ದುದು ಎಲ್ಲ ಕೇಡಿಗೂ ಮೂಲವೆಂದು ಹೋವರ್ಡನಿಗೆ ಬೇಗನೆ ಮನವರಿಕೆಯಾಯಿತು. ಬಂದಿಗಳಿಂದ ವಸೂಲು ಮಾಡಿದ ಶುಲ್ಕವೇ ಆ ಅಧಿಕಾರಿಯ ಜೀವನಾಧಾರ. ಅವನಿಗೊಂದು ಸಂಬಳ ಗೊತ್ತುಮಾಡಿ ಶುಲ್ಕವನ್ನು ನಿಲ್ಲಿಸಬೇಕೆಂದು ಹೋವರ್ಡನು ಕೌಂಟಿಯ ನ್ಯಾಯಾಧಿಕಾರಿಗಳನ್ನು ಕೇಳಿದನು. ಕೌಂಟಿಯ ಬೊಕ್ಕಸದಿಂದ ಹಾಗೆ ಕೊಟ್ಟ ನಿದರ್ಶನವನ್ನು ಬೇರೆಲ್ಲಿಂದಾದರೂ ತಂದು ತೋರಿಸುವಂತೆ ಅವರು ಉತ್ತರ ಕೊಟ್ಟರು. ಪ್ರಾಯಶಃ ಆ ಮಾತಿನಿಂದ ವಿಷಯ ಅಲ್ಲಿಗೇ ಮುಗಿಯುವುದೆಂದು ಅವರು ಭಾವಿಸಿದ್ದರು. ಹೋವರ್ಡನು ಕುದುರೆ ಹತ್ತಿ ನೆರೆಯ ಕೌಂಟಿಗಳಿಗೆ ಹೊರಟನು. ಒಂದರ ಅನಂತರ ಒಂದರಂತೆ ಸೆರೆಮನೆಗಳನ್ನು ನೋಡಿದನು. ಅವನು ಹುಡುಕಿದ ನಿದರ್ಶನ ಎಲ್ಲಿಯೂ ಸಿಕ್ಕಲಿಲ್ಲ. ಸಿಕ್ಕಿದ್ದು ಎಲ್ಲೆಡೆಯೂ ಅದೇ ಅನ್ಯಾಯ.

ಅವನು ಕಂಡ ಸ್ಥಿತಿಯನ್ನು ಈಗ ನಂಬುವುದು ಕಷ್ಟ. ಹಲವು ಸೆರೆಮನೆಗಳು ಸರ್ಕಾರದ್ದಾಗಿರಲಿಲ್ಲ. ಶ್ರೀಮಂತ ಪ್ರಭುಗಳೂ ಬಿಷಪ್ಪರೂ ಅವುಗಳ ಒಡೆಯರಾಗಿದ್ದರು. ಒಡೆಯನು ಸೆರೆಮನೆಯನ್ನು ಜೈಲರನಿಗೆ ಗುತ್ತಿಗೆಗೆ ಕೊಡುವನು. ಗುತ್ತಿಗೆಯ ಹಣವನ್ನೂ ಅದರ ಮೇಲಿನ ಲಾಭವನ್ನೂ ಜೈಲರನು ಬಂದಿಗಳಿಂದ ಹಿಂಡುವನು. ಹಾಸಿಗೆಗೆ ಬಾಡಿಗೆ, ಕಾಲಿನ ಬೇಡಿಯನ್ನು ಹಗುರ ಮಾಡಲು ಕಾಣಿಕೆ. ಒಳಗೇ ಹೆಂಡದಂಗಡಿ, ಅದರ ಲಾಭವೂ ಅವನಿಗೇ. ಆ ಕಾಲದಲ್ಲಿ ಕಿಟಕಿಗಳ ಮೇಲೆ ತೆರಿಗೆಯಿತ್ತು. ಅದನ್ನು ತಾನು ಕಟ್ಟಬೇಕಾಗುವುದೆಂದು ಜೈಲರನು ಕಿಟಕಿಗಳನ್ನೇ ಮುಚ್ಚಿಸಿಬಿಡುತ್ತಿದ್ದನು. ಕೆಲವೆಡೆ ಕುಡಿಯಲು, ತೊಳೆಯಲು ಎಲ್ಲಕ್ಕೂ ಸೇರಿ ದಿನಕ್ಕೆ ಮೂರು ಪೈಂಟು ನೀರು, ಎಂದರೆ ಎರಡು ಲೀಟರಿಗೂ ಕಡಿಮೆ. ಪ್ಲಿಮತ್ತಿನ ಒಂದು ಕೋಣೆಯ ಎತ್ತರ ಐದೂವರೆ ಅಡಿ ಮಾತ್ರ. ಅಲ್ಲಿ ಬೆಳಕೂ ಇರಲಿಲ್ಲ, ಗಾಳಿಯೂ ಆಡುತ್ತಿರಲಿಲ್ಲ. ಹೊಸದಾಗಿ ಬಂದವನು ಹಳೆಯ ಬಂದಿಗಳ ಕುಡಿತಕ್ಕೆ ಹಣ ಕೊಡಬೇಕು. ಇಲ್ಲದಿದ್ದರೆ ಮೈಮೇಲಿನ ಬಟ್ಟೆಯನ್ನು ಬಿಚ್ಚಿಕೊಡಬೇಕು. ಇಂಥ ಕತ್ತಲೆಯಲ್ಲಿ ಸೆರೆಮನೆಯ ಜ್ವರವೆಂಬ ವ್ಯಾಧಿ ಹುಟ್ಟಿ ಬಂದಿಗಳನ್ನು ಗುಂಪುಗುಂಪಾಗಿ ಕೊಲ್ಲುತ್ತಿತ್ತು. ನೇಣಿಗೆ ಬಲಿಯಾದವರಿಗಿಂತ ಜ್ವರಕ್ಕೆ ಬಲಿಯಾದವರೇ ಹೆಚ್ಚೆಂದು ಹೋವರ್ಡನ ಲೆಕ್ಕ.

ಎಲ್ಲರಿಗಿಂತ ಕನಿಕರ ಹುಟ್ಟಿಸುವ ಸ್ಥಿತಿ ಸಾಲಗಾರರದು. 1776ರಲ್ಲಿ ಹೋವರ್ಡನು ಇಂಗ್ಲೆಂಡ್ ಮತ್ತು ವೇಲ್ಸ್ ಪ್ರದೇಶಗಳ ಸೆರೆಮನೆಗಳಲ್ಲಿ 4,084 ಮಂದಿಯನ್ನು ಎಣಿಸಿದನು. ಅವರಲ್ಲಿ 2,437 ಮಂದಿ ಸಾಲ ತೀರಿಸಲಾರದೆ ಸೆರೆಯಾದವರು. ಕಳ್ಳನಿಗಾದರೂ ಹಲವೆಡೆ ದಿನಕ್ಕೊಂದು ಕಾಸಿನ ರೊಟ್ಟಿ ದೊರೆಯುತ್ತಿತ್ತು. ಸಾಲಗಾರನಿಗೆ ಎಷ್ಟೋ ಕಡೆ ಅದೂ ಇರಲಿಲ್ಲ. ಸೆರೆಗೆ ಹಾಕಿಸಿದ ಸಾಲಿಗನೇ ಅವನಿಗೆ ದಿನಕ್ಕೆ ನಾಲ್ಕು ಪೆನ್ಸ್ ಕೊಡಬೇಕೆಂದು ಕಾನೂನಿತ್ತು. ಅದನ್ನು ಪಡೆಯಬೇಕಾದರೆ ಮೊಕದ್ದಮೆ ಹೂಡಬೇಕಾಗಿದ್ದುದರಿಂದ ಪಡೆದವರು ಬಹು ಕಡಿಮೆ. ದುಡಿದು ಸಾಲ ತೀರಿಸಬೇಕಾದವನನ್ನು ದುಡಿಯಲಾಗದ ಸ್ಥಳದಲ್ಲಿ ಕೂಡಿಹಾಕಿ, ಸಾಲ ತೀರುವವರೆಗೂ ಬಿಡುವುದಿಲ್ಲವೆನ್ನುವ ನ್ಯಾಯ ಅದು!

ದುಡಿಸುವುದಕ್ಕೆಂದೇ ಕಟ್ಟಿದ ಸೆರೆಮನೆಗಳೂ ಇದ್ದವು. ಅವುಗಳಿಗೆ ಬ್ರೈಡ್‌ವೆಲ್ ಎಂದು ಹೆಸರು. ಅಲೆಮಾರಿಗಳನ್ನೂ ಸಣ್ಣಪುಟ್ಟ ತಪ್ಪು ಮಾಡಿದವರನ್ನೂ ಕಠಿಣ ದುಡಿಮೆಯ ಶಿಕ್ಷೆ ವಿಧಿಸಿ ಅಲ್ಲಿಗೆ ಕಳುಹಿಸುತ್ತಿದ್ದರು. ಹೋವರ್ಡನು ಹೋಗಿ ನೋಡಿದರೆ ಬಹುಪಾಲು ಬ್ರೈಡ್‌ವೆಲ್‌ಗಳಲ್ಲಿ ದುಡಿಮೆಯ ಸುಳಿವೇ ಇಲ್ಲ. ಉಪಕರಣವಿಲ್ಲ, ಕಚ್ಚಾ ಸಾಮಗ್ರಿಯಿಲ್ಲ. ಸೋಮಾರಿತನ ಬಿಡಿಸಲೆಂದು ತಂದವರು ಬೆಳಗಿನಿಂದ ಸಂಜೆಯವರೆಗೆ ಸುಮ್ಮನೆ ಕುಳಿತು ಸೋಮಾರಿತನವನ್ನೇ ಕಲಿಯುತ್ತಿದ್ದರು. ದುಡಿಮೆಯಿಲ್ಲವಾದ್ದರಿಂದ ಸಂಪಾದನೆಯಿಲ್ಲ, ಆಹಾರದ ಏರ್ಪಾಡೂ ಇಲ್ಲದ ಕಡೆ ಉಪವಾಸವೇ ಗತಿ.

1774ರಲ್ಲಿ ಬ್ರಿಟಿಷ್ ಸಂಸತ್ತಿನ ಹೌಸ್ ಆಫ್ ಕಾಮನ್ಸ್ ಸಭೆ ಹೋವರ್ಡನನ್ನು ಕರೆಸಿ ಅವನ ಸಾಕ್ಷ್ಯವನ್ನು ಕೇಳಿತು. ಕೇಳಿದ ಸದಸ್ಯರಿಗೆ ಇನ್ನೊಂದು ಸಂಗತಿ ವಿಚಿತ್ರವಾಗಿ ತೋರಿತು. ಈ ಮನುಷ್ಯನು ಇಷ್ಟೆಲ್ಲ ಊರುಗಳನ್ನು ಸ್ವಂತ ಹಣದಿಂದ ಸುತ್ತಿದ್ದನು! ಸಭೆ ಅವನಿಗೆ ವಂದನೆ ಸಲ್ಲಿಸಿತು. ಅದೇ ವರ್ಷ ಎರಡು ಕಾನೂನುಗಳಾದವು. ನಿರಪರಾಧಿಯೆಂದು ತೀರ್ಪಾದವನನ್ನು ನ್ಯಾಯಾಲಯದಲ್ಲೇ ಬಿಟ್ಟುಬಿಡಬೇಕು, ಜೈಲರನಿಗೆ ಸಲ್ಲಬೇಕಾದ ಶುಲ್ಕವನ್ನು ಕೌಂಟಿಯೇ ಕೊಡಬೇಕು ಎಂದು ಮೊದಲನೆಯದು. ಗೋಡೆಗಳಿಗೆ ವರ್ಷಕ್ಕೊಮ್ಮೆ ಸುಣ್ಣ ಹೊಡೆಯಬೇಕು, ಗಾಳಿಯಾಡಬೇಕು, ರೋಗಿಗಳಿಗೆ ಬೇರೆ ಕೋಣೆಯಿರಬೇಕು ಎಂದು ಎರಡನೆಯದು. ಕಾನೂನು ಮಾಡುವುದು ಒಂದು, ಅದು ಜೈಲರನ ಕಿವಿಗೆ ಬೀಳುವುದು ಇನ್ನೊಂದು. ಅದನ್ನು ಬಲ್ಲ ಹೋವರ್ಡನು ಅವುಗಳನ್ನು ತನ್ನ ಖರ್ಚಿನಲ್ಲಿ ಅಚ್ಚುಹಾಕಿಸಿ ಪ್ರತಿಯೊಂದು ಕೌಂಟಿಯ ಜೈಲರನಿಗೂ ಕಳುಹಿಸಿದನು. ಆಮೇಲೆ ಅವು ಜಾರಿಗೆ ಬಂದಿವೆಯೇ ಎಂದು ನೋಡಲು ಮತ್ತೆ ಹೊರಟನು. ಅನೇಕ ಕಡೆ ಬಂದಿರಲಿಲ್ಲ.

ಅವನ ಪ್ರಯಾಣದ ಕ್ರಮವೇ ಬೇರೆ. ಮಾಂಸವನ್ನೂ ಮದ್ಯವನ್ನೂ ಬಿಟ್ಟಿದ್ದನು. ರೊಟ್ಟಿ, ಹಾಲು, ಹಣ್ಣು, ಚಹಾ ಇಷ್ಟೇ ಅವನ ಆಹಾರ. ಸೆರೆಮನೆಗಳ ದುರ್ಗಂಧ ಬಟ್ಟೆಗೆ ಎಷ್ಟು ಹತ್ತಿಕೊಳ್ಳುತ್ತಿತ್ತೆಂದರೆ ಮುಚ್ಚಿದ ಗಾಡಿಯಲ್ಲಿ ಕುಳಿತುಕೊಳ್ಳಲಾಗದೆ ಕುದುರೆಯ ಮೇಲೆಯೇ ಸಾಗಬೇಕಾಗುತ್ತಿತ್ತು. ಟಿಪ್ಪಣಿಯ ಪುಸ್ತಕವನ್ನು ಬೆಂಕಿಯ ಮುಂದೆ ಹರಡಿ ಒಣಗಿಸಿದ ಮೇಲೆಯೇ ತೆರೆಯಬಹುದಾಗಿತ್ತು. ಆ ಪುಸ್ತಕದಲ್ಲಿ ಅವನು ಕಣ್ಣೀರಿನ ಮಾತುಗಳನ್ನು ಬರೆಯಲಿಲ್ಲ. ಕೋಣೆಯ ಉದ್ದಗಲ, ರೊಟ್ಟಿಯ ತೂಕ, ನೀರಿನ ಅಳತೆ, ಬೇಡಿಯ ಭಾರ, ಶುಲ್ಕದ ಪಟ್ಟಿ ಇವನ್ನು ಬರೆದನು. 1777ರಲ್ಲಿ ಪ್ರಕಟವಾದ ಅವನ ಗ್ರಂಥ ಇಂಗ್ಲೆಂಡ್ ಮತ್ತು ವೇಲ್ಸಿನ ಸೆರೆಮನೆಗಳ ಸ್ಥಿತಿಯನ್ನು ಕುರಿತದ್ದು. ಅದರ ಬಲವೆಲ್ಲ ಈ ಅಂಕಿಗಳಲ್ಲಿದೆ. ಅಳೆದು ಬರೆದುದನ್ನು ಅಲ್ಲಗಳೆಯುವುದು ಸುಲಭವಲ್ಲ.

ದೋಷವನ್ನು ತೋರಿಸಿದ ಮೇಲೆ ಪರಿಹಾರವನ್ನೂ ಹೇಳಬೇಕೆಂದು ಹೋವರ್ಡನು 1775ರಿಂದ ಯೂರೋಪಿನ ಇತರ ದೇಶಗಳಿಗೆ ಹೊರಟನು. ಪ್ಯಾರಿಸ್ಸಿನ ಬಾಸ್ಟಿಲ್ ಕೋಟೆಯ ಒಳಕ್ಕೆ ಹೋಗಲು ಯತ್ನಿಸಿ ವಿಫಲನಾದನು. ಹಾಲೆಂಡಿನಲ್ಲಿ ಬೇರೆಯೇ ನೋಟ ಕಂಡಿತು. ಆಂಸ್ಟರ್‌ಡ್ಯಾಮ್ ನಗರದ ಒಂದು ಸೆರೆಮನೆಯಲ್ಲಿ ಗಂಡಸರು ಬಣ್ಣದ ಮರವನ್ನು ಅರದಿಂದ ಉಜ್ಜಿ ಪುಡಿ ಮಾಡುತ್ತಿದ್ದರು. ಬಟ್ಟೆಗೆ ಬಣ್ಣ ಹಾಕುವವರು ಅದನ್ನು ಕೊಳ್ಳುತ್ತಿದ್ದರು. ಇನ್ನೊಂದರಲ್ಲಿ ಹೆಂಗಸರು ನೂಲುತ್ತಿದ್ದರು. ಕೋಣೆಗಳು ಶುಚಿಯಾಗಿದ್ದವು, ಜ್ವರವಿರಲಿಲ್ಲ. ಅಪರಾಧಿಯನ್ನು ಉದ್ಯೋಗಿಯನ್ನಾಗಿ ಮಾಡಿದರೆ ಪ್ರಾಮಾಣಿಕನನ್ನಾಗಿಯೂ ಮಾಡಬಹುದೆಂಬುದು ಡಚ್ಚರ ನಂಬಿಕೆ. ಆ ದೇಶದಲ್ಲಿ ಮರಣದಂಡನೆಗಳು ವಿರಳವಾಗಿದ್ದುದನ್ನು ಹೋವರ್ಡನು ಗಮನಿಸಿದನು.

ಬೆಲ್ಜಿಯಮ್ಮಿನ ಘೆಂಟ್ ನಗರದ ಸೆರೆಮನೆ ಅವನಿಗೆ ಇನ್ನೂ ಹಿಡಿಸಿತು. ಎಂಟು ಮೂಲೆಗಳ ದೊಡ್ಡ ಕಟ್ಟಡ ಅದು. ರಾತ್ರಿ ಪ್ರತಿಯೊಬ್ಬನಿಗೂ ಪ್ರತ್ಯೇಕ ಕೋಣೆ. ಹಗಲು ಎಲ್ಲರೂ ಒಟ್ಟಿಗೆ ಮಗ್ಗದ ಕೆಲಸ. ದುಡಿಮೆಯ ಫಲದಲ್ಲಿ ಒಂದು ಪಾಲು ದುಡಿದವನಿಗೂ ಸಲ್ಲುತ್ತಿತ್ತು. ಬಿಡುಗಡೆಯಾದವನು ಕೈಯಲ್ಲಿ ಒಂದು ಕಸುಬನ್ನೂ ಜೇಬಿನಲ್ಲಿ ಒಂದಿಷ್ಟು ಹಣವನ್ನೂ ಹೊತ್ತು ಹೊರಗೆ ಬರುವನು. ಬೆಡ್‌ಫರ್ಡಿನಲ್ಲಿ ಸೆರೆಯಾಳು ತನ್ನ ಪೋಷಣೆಗೆ ಹಣ ಕೊಡುತ್ತಿದ್ದನು, ಘೆಂಟಿನಲ್ಲಿಯೂ ದುಡಿದು ಕೊಡುತ್ತಿದ್ದನು. ಎರಡೂ ಮೇಲ್ನೋಟಕ್ಕೆ ಒಂದೇ ಎನ್ನಿಸಬಹುದು. ಆದರೆ ಒಂದು ಕಡೆ ಹಣ ಕಾವಲುಗಾರನ ಚೀಲಕ್ಕೆ ಹೋಗುತ್ತಿತ್ತು, ಕೊಡಲಾರದವನಿಗೆ ಸೆರೆಯೇ ಗತಿಯಾಗುತ್ತಿತ್ತು. ಇನ್ನೊಂದು ಕಡೆ ಲೆಕ್ಕವಿತ್ತು, ದುಡಿಯಲು ಸಾಧನವಿತ್ತು, ದುಡಿದವನಿಗೂ ಪಾಲಿತ್ತು.

1783ರಲ್ಲಿ ಹೋವರ್ಡನು ಘೆಂಟಿಗೆ ಮತ್ತೆ ಹೋದಾಗ ಮಗ್ಗಗಳಿರಲಿಲ್ಲ. ಸೆರೆಯಾಳುಗಳ ಕೆಲಸದಿಂದ ತಮಗೆ ನಷ್ಟವೆಂದು ಕೆಲವು ಹಿತಾಸಕ್ತರು ಚಕ್ರವರ್ತಿ ಎರಡನೆಯ ಜೋಸೆಫನಿಗೆ ಅರ್ಜಿ ಕೊಟ್ಟಿದ್ದರು. ಚಕ್ರವರ್ತಿ ಹಿಂದುಮುಂದು ನೋಡದೆ ಅದನ್ನು ಮನ್ನಿಸಿದ್ದನು. ಮಗ್ಗಗಳೂ ಸಲಕರಣೆಗಳೂ ಮಾರಾಟವಾಗಿದ್ದವು. ಹತ್ತು ವರ್ಷ ಕಟ್ಟಿದ್ದನ್ನು ಒಂದು ಅರ್ಜಿ ಕೆಡವಿತ್ತು. ಹೊರಗಿನ ಕೆಲಸಗಾರನ ಕೂಲಿಗೆ ಕುಂದು ಬಾರದಂತೆ ಒಳಗಿನವನಿಗೆ ಕೆಲಸ ಕೊಡುವುದು ಹೇಗೆಂಬ ತೊಡಕು ಅಂದಿನಿಂದಲೂ ಉಳಿದುಬಂದಿದೆ.

ಇತ್ತ ಇಂಗ್ಲೆಂಡಿನಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. ಅಮೆರಿಕದ ವಸಾಹತುಗಳು ಬಂಡೆದ್ದುದರಿಂದ ಅಪರಾಧಿಗಳನ್ನು ಅಲ್ಲಿಗೆ ಸಾಗಿಸುವುದು ನಿಂತುಹೋಯಿತು. 1776ರಲ್ಲಿ ಅವರನ್ನು ಥೇಮ್ಸ್ ನದಿಯ ಹಳೆಯ ಹಡಗುಗಳಲ್ಲಿ ತುಂಬಿ ನದಿಯ ಹೂಳೆತ್ತುವ ಕೆಲಸಕ್ಕೆ ಹಚ್ಚಿದರು. ನಿರ್ವಹಣೆ ಗುತ್ತಿಗೆದಾರನ ಕೈಯಲ್ಲಿ. ಅಲ್ಲಿ ದುಡಿಮೆಗೇನೂ ಕೊರತೆಯಿರಲಿಲ್ಲ, ಅನ್ನಕ್ಕೆ ಕೊರತೆಯಿತ್ತು. ಹೋವರ್ಡನು ಹೋಗಿ ನೋಡಿದಾಗ ಬೂಷ್ಟು ಹಿಡಿದ ರೊಟ್ಟಿ ಕಂಡಿತು. ಎರಡು ವರ್ಷ ತುಂಬುವುದರೊಳಗೆ 600ಕ್ಕೂ ಮಿಕ್ಕ ಬಂದಿಗಳಲ್ಲಿ 170ಕ್ಕೂ ಹೆಚ್ಚು ಜನ ಸತ್ತಿದ್ದರು. 1778ರಲ್ಲಿ ಅವನು ಸಂಸತ್ತಿನ ಮುಂದೆ ಈ ಸಂಗತಿಯನ್ನೂ ಇಟ್ಟನು.

ಮರುವರ್ಷ, 1779ರಲ್ಲಿ, ನ್ಯಾಯಶಾಸ್ತ್ರಜ್ಞ ವಿಲಿಯಂ ಬ್ಲ್ಯಾಕ್‌ಸ್ಟನ್, ವಿಲಿಯಂ ಈಡನ್ ಮತ್ತು ಹೋವರ್ಡ್ ಇವರ ಪ್ರಯತ್ನದಿಂದ ಹೊಸ ಕಾನೂನಾಯಿತು. ರಾತ್ರಿ ಏಕಾಂತ, ಹಗಲು ದುಡಿಮೆ, ಶುಚಿತ್ವ, ಗೊತ್ತಾದ ಆಹಾರ ಇವುಗಳಿಂದ ಕೂಡಿದ ಸೆರೆಮನೆಗಳನ್ನು ಕಟ್ಟಬೇಕೆಂದು ಅದು ವಿಧಿಸಿತು. ಅದನ್ನು ಕಟ್ಟಿಸಲು ನೇಮಕವಾದ ಮೂವರಲ್ಲಿ ಹೋವರ್ಡನೂ ಒಬ್ಬ. ಎಲ್ಲಿ ಕಟ್ಟಬೇಕೆಂಬ ವಿಷಯದಲ್ಲಿ ಮೂವರಿಗೂ ಒಮ್ಮತ ಬರಲಿಲ್ಲ. ತನ್ನ ಪರವಾಗಿದ್ದ ಡಾಕ್ಟರ್ ಫಾದರ್‌ಗಿಲ್ 1780ರಲ್ಲಿ ನಿಧನನಾದ ಮೇಲೆ ಹೋವರ್ಡನು ರಾಜೀನಾಮೆ ಕೊಟ್ಟನು. ಕಟ್ಟಡ ಏಳಲಿಲ್ಲ. ತಾನು ಹಿಡಿದದ್ದನ್ನು ಬಿಡದಿರುವುದು ಅವನ ಗುಣವೂ ಹೌದು, ದೋಷವೂ ಹೌದು.

ಸೆರೆಯಾಳುಗಳ ದುಡಿಮೆಯಿಂದಲೇ ಸೆರೆಮನೆಯ ಖರ್ಚೆಲ್ಲ ಸಾಗಿ ಬೊಕ್ಕಸಕ್ಕೆ ಹೊರೆ ತಪ್ಪುವುದೆಂದು ಅಂದು ಹಲವರು ಹಿಗ್ಗಿದ್ದರು. ಹೋವರ್ಡನು ಆ ಲೆಕ್ಕವನ್ನು ಪೂರ್ತಿಯಾಗಿ ಒಪ್ಪಲಿಲ್ಲ. ದುಡಿಮೆ ಇರಲೇಬೇಕು, ಆದರೆ ಅದರ ಮೊದಲ ಉದ್ದೇಶ ಮನುಷ್ಯನನ್ನು ತಿದ್ದುವುದು. ಲಾಭವೇ ಮುಂದಾದರೆ ಹಳೆಯ ಜೈಲರನೇ ಹೊಸ ವೇಷದಲ್ಲಿ ಬರುವನು ಎಂಬುದು ಅವನ ನಿಲುವಿನ ತಿರುಳು. ಸೆರೆಮನೆಯ ಅಧಿಕಾರಿಗೆ ಸರ್ಕಾರದ ಸಂಬಳ, ಬಂದಿಗೆ ಖಚಿತವಾದ ಆಹಾರ, ಅದಾದ ಮೇಲೆ ದುಡಿಮೆ: ಈ ಕ್ರಮವನ್ನು ಅವನು ಬಿಡಲಿಲ್ಲ. ಇದು ಹಳೆಯ ಕಾಲದ ಇತ್ಯರ್ಥವಾದ ವಿಷಯವೇನಲ್ಲ. ಭಾರತದ ಸರ್ವೋಚ್ಚ ನ್ಯಾಯಾಲಯವೂ 1998ರಲ್ಲಿ ಇದನ್ನು ವಿಚಾರಿಸಬೇಕಾಯಿತು. ದುಡಿಯುವ ಕೈದಿಗೆ ನ್ಯಾಯವಾದ ಕೂಲಿ ಸಲ್ಲಬೇಕು, ಅದರಲ್ಲಿ ಅನ್ನಬಟ್ಟೆಯ ವೆಚ್ಚವನ್ನು ಕಳೆದುಕೊಳ್ಳಬಹುದು, ಅಪರಾಧದಿಂದ ನೊಂದವರಿಗೂ ಒಂದು ಪಾಲು ಹೋಗಬೇಕು ಎಂದು ಅದು ತೀರ್ಮಾನಿಸಿತು.

ಹೋವರ್ಡನ ಬಾಳಿನಲ್ಲಿ ಒಂದು ಕೊರಗು ಉಳಿಯಿತು. ಇತರರ ಮಕ್ಕಳಿಗಾಗಿ ಮರುಗಿದವನು ತಾಯಿಯಿಲ್ಲದ ತನ್ನ ಮಗನನ್ನು ಎಳವೆಯಲ್ಲೇ ದೂರದ ಶಾಲೆಗೆ ಕಳುಹಿಸಿ ಊರೂರು ಅಲೆದನು. ಮಗನ ನಡತೆ ಕೆಟ್ಟಿತು, ಕೊನೆಗೆ ಬುದ್ಧಿಭ್ರಮಣೆಯಾಯಿತು. ಆ ಸುದ್ದಿ ಮುಟ್ಟಿದಾಗ ತಂದೆ ಪರದೇಶದಲ್ಲಿದ್ದನು. ಪ್ಲೇಗು ಹರಡುವ ಬಗೆಯನ್ನು ತಿಳಿಯಲೆಂದು ಬಂದರುಗಳ ರೋಗನಿರೋಧಕ ಗೃಹಗಳನ್ನು ಪರೀಕ್ಷಿಸುತ್ತಿದ್ದನು. ಒಳಗಿನ ಸ್ಥಿತಿಯನ್ನು ಸ್ವತಃ ಅನುಭವಿಸಬೇಕೆಂದು ರೋಗದ ಶಂಕೆಯಿದ್ದ ಹಡಗನ್ನೇ ಆರಿಸಿ ಹತ್ತಿ ವೆನಿಸ್ ನಗರದಲ್ಲಿ ನಲವತ್ತಕ್ಕೂ ಹೆಚ್ಚು ದಿನ ದಿಗ್ಬಂಧನದಲ್ಲಿದ್ದನು. ಇಂಗ್ಲೆಂಡಿನಲ್ಲಿ ತನ್ನ ಪ್ರತಿಮೆಗಾಗಿ ಹಣ ಕೂಡಿಸುತ್ತಿರುವ ಸುದ್ದಿಯೂ ಆಗಲೇ ಬಂದಿತು. ಕೂಡಲೇ ಅದನ್ನು ನಿಲ್ಲಿಸುವಂತೆ ಬರೆದನು.

1789ರಲ್ಲಿ ಅವನು ಕೊನೆಯ ಬಾರಿಗೆ ಹೊರಟು ರಷ್ಯಾ ಸಾಮ್ರಾಜ್ಯವನ್ನು ಹೊಕ್ಕನು. ಇಂದು ಯುಕ್ರೇನಿನಲ್ಲಿರುವ ಖೆರ್ಸಾನ್ ನಗರದ ಸೈನಿಕ ಆಸ್ಪತ್ರೆಗಳನ್ನು ನೋಡುತ್ತಿದ್ದನು. ಜ್ವರಪೀಡಿತಳಾದ ಯುವತಿಯೊಬ್ಬಳಿಗೆ ಚಿಕಿತ್ಸೆ ಮಾಡಲು ಹೋಗಿ ಬಂದವನಿಗೆ ತನಗೇ ಜ್ವರ ಹತ್ತಿತು. 1790ರ ಜನವರಿ 20ರಂದು ಮೃತನಾದನು. ಆ ಹೊತ್ತಿಗೆ ಅವನು ಸುತ್ತಿದ್ದ ದಾರಿ 40,000 ಮೈಲಿಗಳಿಗೂ ಹೆಚ್ಚು. ನಿರಪರಾಧಿಗಳ ಹೊರತಾಗಿ ಇತರ ಬಂದಿಗಳಿಂದ ಶುಲ್ಕ ತೆಗೆಯುವುದು ಇಂಗ್ಲೆಂಡಿನಲ್ಲಿ ರದ್ದಾದದ್ದು 1815ರಲ್ಲಿ. 1779ರ ಕಾನೂನು ಬಯಸಿದ್ದ ರೀತಿಯ ಮೊದಲ ರಾಷ್ಟ್ರೀಯ ಸೆರೆಮನೆ ಲಂಡನ್ನಿನ ಮಿಲ್‌ಬ್ಯಾಂಕಿನಲ್ಲಿ ತೆರೆದದ್ದು 1816ರಲ್ಲಿ.

ತನ್ನ ಸಮಾಧಿಯ ಮೇಲೆ ಸ್ಮಾರಕ ಬೇಡ, ನೆರಳು ನೋಡಿ ಹೊತ್ತು ತಿಳಿಯುವ ಒಂದು ಗಡಿಯಾರವನ್ನಿಟ್ಟು ತನ್ನನ್ನು ಮರೆತುಬಿಡಿ ಎಂಬುದು ಅವನ ಕೊನೆಯ ಬಯಕೆಯಾಗಿತ್ತು. ಸ್ವದೇಶದವರು ಆ ಮಾತನ್ನು ನಡೆಸಲಿಲ್ಲ. ಲಂಡನ್ನಿನ ಸೇಂಟ್ ಪಾಲ್ ಮಹಾಮಂದಿರದೊಳಗೆ ಮೊತ್ತಮೊದಲು ಸ್ಥಾಪಿತವಾದ ಪ್ರತಿಮೆ ಹೋವರ್ಡನದೇ. ಅದರ ಒಂದು ಕೈಯಲ್ಲಿ ಬೀಗದ ಕೈಯಿದೆ. ಕಾಲ ಕೆಳಗೆ ಸಂಕೋಲೆಗಳು ಬಿದ್ದಿವೆ.